ನಾಡಕಚೇರಿಗೆ ಹೋಗುವ ಮುನ್ನ: ತುಮಕೂರು ಜಿಲ್ಲೆಯವರಿಗೆ ಸಮಗ್ರ ಮಾರ್ಗದರ್ಶಿ

ನಾಡಕಚೇರಿಯ ಕೌಂಟರಿನಿಂದ ಬರಿಗೈಲಿ ವಾಪಸಾಗುವವರ ಪ್ಲಾಸ್ಟಿಕ್ ಕವರು ಸಾಮಾನ್ಯವಾಗಿ ತುಂಬಿಯೇ ಇರುತ್ತದೆ. ಆಧಾರ್, ರೇಷನ್ ಕಾರ್ಡು, ಪಹಣಿ, ಟಿಸಿ, ಪಾಸ್‌ಬುಕ್ಕು ಎಲ್ಲವೂ ಅದರಲ್ಲಿರುತ್ತವೆ. ಆದರೆ ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಪಹಣಿಯಲ್ಲಿ ಲಕ್ಷ್ಮೀದೇವಿ ಕೋಂ ರಂಗಪ್ಪ. ಊರಿನವರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂರು ಜನ. ‘ಅಮ್ಮಾ, ಆಧಾರ್‌ನಾಗೆ ಬ್ಯಾರೆ ಹೆಸರೈತಲ್ಲ, ಇದನ್ನ ಸರಿ ಮಾಡಿಸ್ಕೊಂಡು ಬನ್ನಿ’ ಅಂತ ಆಪರೇಟರು ಹೇಳಿದರೆ ಅವತ್ತಿನ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಮನೆಯ ಜಗಲಿಯಲ್ಲಿ.

ಮೊದಲು ಮನೆಯಲ್ಲಿ ಒಂದು ಗಂಟೆ

ಮನೆಯ ಎಲ್ಲರ ದಾಖಲೆ ಹರಡಿಕೊಂಡು ಕೂರಿ. ಒಂದು ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಇಷ್ಟು ಬರೆದುಕೊಳ್ಳಿ: ಕನ್ನಡದಲ್ಲಿ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ವಿಳಾಸ, ಮೊಬೈಲ್ ನಂಬರು. ಇದನ್ನು ಆಧಾರ್‌ಗೆ ಒಂದು ಸಲ, ರೇಷನ್ ಕಾರ್ಡಿಗೆ ಒಂದು ಸಲ, ಪಾಸ್‌ಬುಕ್ಕಿಗೆ ಒಂದು ಸಲ, ಟಿಸಿ ಇದ್ದರೆ ಅದಕ್ಕೂ ಒಂದು ಸಲ ಮಾಡಿ. ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಓದಿ ಬರೆಯಿರಿ, ಅಂದಾಜಿಗೆ ಬರೆಯಬೇಡಿ. ಕನ್ನಡದ ‘ಕ್ಷ’ ಒಂದೇ. ಇಂಗ್ಲಿಷಿನಲ್ಲಿ ಅದನ್ನು ಒಬ್ಬರು ‘ಕೆ, ಎಸ್, ಎಚ್’ ಅಂತ ಹೊಡೆದರೆ ಇನ್ನೊಬ್ಬರು ಒಂದೇ ‘ಎಕ್ಸ್’ ಹೊಡೆದಿರುತ್ತಾರೆ. ರಂಗಸ್ವಾಮಿಯ ‘ಸ್ವಾಮಿ’ ಕೆಲವೊಮ್ಮೆ ಡಬ್ಲ್ಯುದಲ್ಲಿ, ಕೆಲವೊಮ್ಮೆ ವಿಯಲ್ಲಿ ಇರುತ್ತದೆ. ಹಣ ಜಮೆಯಾಗುವಾಗ ತಡೆ ಬೀಳುವುದು ಬಹುತೇಕ ಇಂಥ ಒಂದಕ್ಷರಕ್ಕೆ.

ವ್ಯತ್ಯಾಸ ಸಿಕ್ಕಿದ ಮೇಲೆ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಓದಿದವರಿಗೆ ತಾಯಿದಾಖಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದನ್ನು ಆಮೇಲೆ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಹಾಗಾಗಿ ಆಧಾರ್ ಅದರ ಹಿಂದೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ: ಆಧಾರ್‌ನಲ್ಲಿ ಹೀಗಿದೆ ಅಂತ ಶಾಲೆಯ ದಾಖಲೆ ತಿದ್ದಿಸಲು ಓಡಾಡಿ ಎರಡು ವರ್ಷ ಕಳೆಯುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ತಾಯಿ. ಶಾಲೆಗೆ ಸೇರಿಸುವುದಕ್ಕಾಗಲಿ ಆಧಾರ್ ಮಾಡಿಸುವುದಕ್ಕಾಗಲಿ ಹುಟ್ಟಿದ ದಿನಕ್ಕೆ ಬೇರೆ ಪುರಾವೆ ನಡೆಯುವುದಿಲ್ಲ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿ. ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ ತರಬೇಕಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಆಧಾರ್ ಒಂದನ್ನೇ ಆಧಾರ ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಜಾಣತನ.

ತಿದ್ದುಪಡಿಯ ಕ್ರಮ ಹೀಗಿರಲಿ: ಆಧಾರ್, ಆಮೇಲೆ ಬ್ಯಾಂಕು, ಆಮೇಲೆ ರೇಷನ್ ಕಾರ್ಡು, ಆಮೇಲೆ ಜಾತಿ-ಆದಾಯ, ಕೊನೆಗೆ ಪಿಂಚಣಿ ಅಥವಾ ಗೃಹಲಕ್ಷ್ಮಿ. ಹಿಂದಿನದು ಸರಿಯಿಲ್ಲದೆ ಮುಂದಿನದನ್ನು ಮಾಡಿಸಿದರೆ ಅದೇ ತಪ್ಪು ಮುಂದಿನದಕ್ಕೂ ನಕಲಾಗಿ ಕೂರುತ್ತದೆ.

ಆಧಾರ್ ತಿದ್ದುಪಡಿ

ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು. ಹುಟ್ಟಿದ ದಿನ ಒಂದು ಸಲ, ಲಿಂಗ ಒಂದು ಸಲ. ವಿಳಾಸಕ್ಕೆ ಮಿತಿ ಇಲ್ಲ. ಆದ್ದರಿಂದ ಹುಟ್ಟಿದ ದಿನವನ್ನು ‘ಸದ್ಯಕ್ಕೆ ಒಂದು ಹಾಕಿಸೋಣ’ ಅಂತ ತಿದ್ದಿಸಬೇಡಿ. ಆ ಒಂದು ಅವಕಾಶ ಮುಗಿದರೆ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಬಾಗಿಲಿಗೇ ಹೋಗಬೇಕು.

ಹೊಸ ನೋಂದಣಿ ಉಚಿತ. ಹೆಸರು, ವಿಳಾಸ, ಹುಟ್ಟಿದ ದಿನ, ಮೊಬೈಲ್ ಇವುಗಳ ತಿದ್ದುಪಡಿಗೆ 2025ರ ಅಕ್ಟೋಬರ್‌ನಿಂದ 75 ರೂಪಾಯಿ, ಬೆರಳಚ್ಚು-ಕಣ್ಣು-ಫೋಟೋ ನವೀಕರಣಕ್ಕೆ 125 ರೂಪಾಯಿ. ಒಂದೇ ಸಲಕ್ಕೆ ಮೂರ್ನಾಲ್ಕು ಅಂಶ ತಿದ್ದಿಸಿದರೂ 75ನ್ನು ಒಮ್ಮೆ ಮಾತ್ರ ಕೊಡಬೇಕು. ಬೆರಳಚ್ಚಿನ ಜೊತೆಯಲ್ಲೇ ಹೆಸರು ತಿದ್ದಿಸಿದರೆ 125ರಲ್ಲೇ ಎರಡೂ ಮುಗಿಯುತ್ತವೆ. ಮಕ್ಕಳಿಗೆ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಒಮ್ಮೆ ಬೆರಳಚ್ಚು ಕೊಡಿಸಲೇಬೇಕು. 5ರಿಂದ 7, 15ರಿಂದ 17ರ ನಡುವೆ ಕೊಡಿಸಿದರೆ ಶುಲ್ಕವಿಲ್ಲ. ಇದನ್ನು ಮರೆತ ಮನೆಗಳಿಗೆ ನೆನಪಾಗುವುದು ಸ್ಕಾಲರ್‌ಶಿಪ್ ಅರ್ಜಿಯ ಕೊನೆ ವಾರದಲ್ಲಿ, ಆಧಾರ್ ಕೇಂದ್ರದ ಮುಂದೆ ಸಾಲು ರಸ್ತೆಗೆ ಬಂದಿರುವಾಗ.

ಆಪರೇಟರಿನ ಎದುರಿಗೆ ನಿಮ್ಮ ಕಡೆ ತಿರುಗಿಸಿದ ಪರದೆ ಇರುತ್ತದೆ. ಒಪ್ಪಿಗೆ ಕೊಡುವ ಮುಂಚೆ ಕನ್ನಡ ಹೆಸರನ್ನು ಓದಿ. ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಯಂತ್ರವೇ ಕನ್ನಡಕ್ಕೆ ತರುತ್ತದೆ, ತರುವಾಗ ‘ಹನುಮಕ್ಕ’ನನ್ನು ‘ಹಾನುಮಕ’ ಮಾಡಿರುತ್ತದೆ. ಇಂಗ್ಲಿಷ್ ಸರಿಯಿದೆ ಅಂತ ಆಪರೇಟರು ಸೇವ್ ಮಾಡಿಬಿಟ್ಟರೆ ಆ ಹಾನುಮಕ ಮುಂದೆ ನಿಮ್ಮ ಬೆನ್ನು ಬೀಳುತ್ತಾಳೆ. ಅಕ್ಷರ ಬಾರದವರು ಓದಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಬೆರಳಚ್ಚಿನ ಮಾತು ನಮ್ಮ ಜಿಲ್ಲೆಗೆ ವಿಶೇಷವಾಗಿ ಬೇಕು. ತಿಪಟೂರು ಕಡೆ ಕಾಯಿ ಸುಲಿಯುವವರು, ಗುಬ್ಬಿ-ತುರುವೇಕೆರೆ ಕಡೆ ಅಡಿಕೆ ಸುಲಿಯುವವರು, ಹುಣಸೆಹಣ್ಣು ಕುಟ್ಟುವವರು, ಇವರ ಬೆರಳ ಗೆರೆ ಸವೆದಿರುತ್ತದೆ, ಕರೆಯೂ ಹಿಡಿದಿರುತ್ತದೆ. ಹಿಂದಿನ ಎರಡು ದಿನ ಸುಲಿಯುವ ಕೆಲಸಕ್ಕೆ ಹೋಗದಿದ್ದರೆ ಒಳ್ಳೆಯದು. ಹೊರಡುವ ಮುಂಚೆ ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಎಣ್ಣೆ ಜಿಡ್ಡು ಉಳಿದರೆ ಗೆರೆ ಕಲಸಿಹೋಗುತ್ತದೆ, ತೀರಾ ಒಣಗಿದ್ದರೆ ಯಂತ್ರಕ್ಕೆ ಕಾಣಿಸುವುದೇ ಇಲ್ಲ. ಆಗ ಅಂಗೈ ಉಜ್ಜಿ ಬೆಚ್ಚಗೆ ಮಾಡಿ ಒತ್ತಿ. ಅದಕ್ಕೂ ಬಾರದಿದ್ದರೆ ಕಣ್ಣಿನ ಗುರುತು ತೆಗೆದುಕೊಳ್ಳುವಂತೆ ಕೇಳಿ.

ಕೊಟ್ಟ ಸ್ವೀಕೃತಿ ಚೀಟಿಯಲ್ಲಿ 14 ಅಂಕಿ ಮತ್ತು ದಿನಾಂಕ-ಸಮಯ ಇರುತ್ತದೆ. ಎರಡೂ ಸೇರಿಯೇ ನಿಮ್ಮ ಅರ್ಜಿಯ ಗುರುತು. ಚೀಟಿಯ ಶಾಯಿ ಬೇಗ ಮಾಸುವುದರಿಂದ ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಿಚಾರಣೆಗೆ 1947ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಗಡಿಯಾಚೆಯಿಂದ ಬಂದ ಸೊಸೆ

ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ನೆಲ. ಮಡಕಶಿರ, ಹಿಂದೂಪುರ, ಪೆನುಕೊಂಡ ಕಡೆಯಿಂದ ಸೊಸೆ ತರುವುದು, ಆ ಕಡೆಗೆ ಹೆಣ್ಣು ಕೊಡುವುದು ಹಿಂದಿನಿಂದ ಬಂದದ್ದು. ಪಾವಗಡ, ಮಧುಗಿರಿ, ಸಿರಾದ ಕೌಂಟರುಗಳಲ್ಲಿ ಇದರಿಂದ ಹುಟ್ಟುವ ತೊಡಕು ಬೇರೆ ತಾಲ್ಲೂಕಿನವರಿಗೆ ಅರ್ಥವೇ ಆಗುವುದಿಲ್ಲ. ಆ ಕಡೆಯ ದಾಖಲೆಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಇಟ್ಟ ಹೆಸರು ಆಮೇಲೆ. ನಮ್ಮ ಕಡೆ ಇನಿಷಿಯಲ್ ಒಂದಕ್ಷರ. ಜೊತೆಗೆ ಆಧಾರ್‌ನ ಅಕ್ಷರ ತೆಲುಗಿನಲ್ಲಿರುತ್ತದೆ.

ಮಾಡಬೇಕಾದ್ದು ಇಷ್ಟು. ಮೊದಲು ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ, ತೆಗೆದದ್ದಕ್ಕೆ ಪುರಾವೆ ಪಡೆಯಿರಿ. ಆಧಾರ್ ಸಂಖ್ಯೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಅಲ್ಲಿ ಇರುವ ತನಕ ಇಲ್ಲಿ ಸೇರುವುದಿಲ್ಲ. ಆಮೇಲೆ ಆಧಾರ್‌ನಲ್ಲಿ ಗಂಡನ ಮನೆ ವಿಳಾಸ, ಅದೇ ಸಲಕ್ಕೆ ಭಾಷೆಯನ್ನೂ ಕನ್ನಡಕ್ಕೆ ಬದಲಿಸಲು ಹೇಳಿ. ಹೆಸರನ್ನು ಮಾತ್ರ ಅವರ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇರುವಂತೆಯೇ ಬಿಡಿ. ಮದುವೆಯಾಯಿತೆಂದು ಗಂಡನ ಹೆಸರು ಅಂಟಿಸಲು ಹೋದರೆ ಎರಡರಲ್ಲಿ ಒಂದು ಅವಕಾಶ ಸುಮ್ಮನೆ ಖರ್ಚು.

ಜಾತಿ ಪ್ರಮಾಣಪತ್ರದ ವಿಚಾರ ಬೇರೆ. ಮದುವೆಯಾದ ಹೆಣ್ಣಿಗೆ ಜಾತಿ ತವರಿನದು, ಆದಾಯ ಗಂಡನ ಮನೆಯದು. ತವರು ಆಂಧ್ರದಲ್ಲಿದ್ದರೆ ಜಾತಿ ಪತ್ರ ಅಲ್ಲಿನ ತಹಶೀಲ್ದಾರರಿಂದಲೇ ಬರಬೇಕು, ಮತ್ತು ಪರಿಶಿಷ್ಟರ ವಿಷಯದಲ್ಲಿ ಅಲ್ಲಿನ ಮೀಸಲಾತಿ ಇಲ್ಲಿಗೆ ವರ್ಗವಾಗುವುದಿಲ್ಲ. ಮಕ್ಕಳಿಗೆ ತಂದೆಯ ಜಾತಿ, ಹಾಗಾಗಿ ಅವರ ಪತ್ರಕ್ಕೆ ಇದರಿಂದ ಅಡ್ಡಿಯಿಲ್ಲ.

ಯಾವ ಬಾಗಿಲು

ಜಾತಿ, ಆದಾಯ, ವಾಸಸ್ಥಳ, ಪಿಂಚಣಿ ಇವು ಕಂದಾಯ ಇಲಾಖೆಯವು, ಅಂದರೆ ಹೋಬಳಿ ಮಟ್ಟದ ನಾಡಕಚೇರಿ. ಬೋರ್ಡಿನ ಮೇಲೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಅಂತಲೂ ಇರುತ್ತದೆ. ಇಲ್ಲಿನ ಅಧಿಕಾರಿ ಉಪ ತಹಶೀಲ್ದಾರ್. ಇದೇ ಅರ್ಜಿಗಳನ್ನು ಊರಿನ ಗ್ರಾಮ ಒನ್‌ನಲ್ಲಿ, ನಗರದವರಾದರೆ ಕರ್ನಾಟಕ ಒನ್‌ನಲ್ಲಿ ಕೂಡ ಹಾಕಬಹುದು. ಆದರೆ ಅವರು ಅರ್ಜಿ ದಾಟಿಸುವವರು ಅಷ್ಟೇ, ತೀರ್ಮಾನ ಅವರ ಕೈಲಿಲ್ಲ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ರೇಷನ್ ಕಾರ್ಡು ಆಹಾರ ಇಲಾಖೆಯದು. ಮತದಾರರ ಪಟ್ಟಿಗೆ ಹೊಸದಾಗಿ ಸೇರಲು ನಮೂನೆ 6, ತಿದ್ದಲು ನಮೂನೆ 8, ಕೊಡಬೇಕಾದ್ದು ಮತಗಟ್ಟೆ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಒಗೆ. ಗೃಹಲಕ್ಷ್ಮಿಯ ತಕರಾರು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ, ಅಂದರೆ ಸಿಡಿಪಿಒ ಕಚೇರಿಯಲ್ಲಿ. ಸಿಇಟಿಯವರು ಕೇಳುವ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪತ್ರಗಳು ಶಾಲೆಯಿಂದ ಬರುವಂಥವು. ಅದಕ್ಕೆ ನಾಡಕಚೇರಿ ಸಾಲಿನಲ್ಲಿ ನಿಂತು ದಿನ ಕಳೆಯಬೇಡಿ.

ನಿಮ್ಮ ಹೋಬಳಿ ಯಾವುದು ಅನ್ನುವುದಕ್ಕೆ ಪಹಣಿಯ ತಲೆಭಾಗ ನೋಡಿ: ತಾಲ್ಲೂಕು, ಹೋಬಳಿ, ಗ್ರಾಮ ಅಂತ ಅಲ್ಲಿದೆ. ತುಮಕೂರು ತಾಲ್ಲೂಕೊಂದರಲ್ಲೇ ಕಸಬಾ ಬಿಟ್ಟು ಗೂಳೂರು, ಹೆಬ್ಬೂರು, ಊರ್ಡಿಗೆರೆ, ಬೆಳ್ಳಾವಿ, ಕೋರ ಇವೆ. ಬಸ್ಸು ಹತ್ತಿರವೆಂದು ಪಕ್ಕದ ಹೋಬಳಿಗೆ ಹೋಗಿ ಅರ್ಜಿ ಕೊಟ್ಟರೂ ತನಿಖೆ ನಡೆಯುವುದು ನಿಮ್ಮ ಗ್ರಾಮದ ಆಡಳಿತ ಅಧಿಕಾರಿಯಿಂದಲೇ. ಹಿಂದೆ ಗ್ರಾಮಲೆಕ್ಕಿಗರು ಅಂತಿದ್ದವರ ಈಗಿನ ಹೆಸರು ಅದು, ಊರಿನ ಬಾಯಲ್ಲಿ ಇನ್ನೂ ವಿಎ.

ಹೆಚ್ಚಿನ ಅರ್ಜಿ ದಾರಿ ತಪ್ಪುವುದು ಗ್ರಾಮದ ಪಟ್ಟಿಯಲ್ಲಿ. ಕಂಪ್ಯೂಟರಿನಲ್ಲಿರುವುದು ಕಂದಾಯ ಗ್ರಾಮಗಳ ಹೆಸರು. ಗೊಲ್ಲರಹಟ್ಟಿ, ಪಾಳ್ಯ, ತಾಂಡಾ, ಕಾಲೊನಿ ಅನೇಕ ಕಡೆ ಬೇರೊಂದು ಕಂದಾಯ ಗ್ರಾಮಕ್ಕೆ ಸೇರಿರುತ್ತವೆ. ‘ನಮ್ಮೂರು ಗೊಲ್ಲರಹಟ್ಟಿ’ ಅಂದರೆ ಆಪರೇಟರು ಪಟ್ಟಿಯಲ್ಲಿ ಸಿಕ್ಕಿದ ಯಾವುದೋ ಗೊಲ್ಲರಹಟ್ಟಿ ಒತ್ತುತ್ತಾರೆ, ಅರ್ಜಿ ಹದಿನೈದು ಮೈಲಿ ಆಚೆಯ ವಿಎಗೆ ಹೋಗುತ್ತದೆ, ಅವರು ‘ಅರ್ಜಿದಾರರು ಈ ಗ್ರಾಮದವರಲ್ಲ’ ಅಂತ ಷರಾ ಬರೆದು ವಾಪಸು ಹಾಕುತ್ತಾರೆ. ಕಂದಾಯ ಗ್ರಾಮದ ಹೆಸರನ್ನೇ ಹೇಳಿ, ಹಟ್ಟಿಯ ಹೆಸರು ವಿಳಾಸದ ಸಾಲಿನಲ್ಲಿ ಬರಲಿ.

ಕೌಂಟರಿನ ಮುಂದೆ

ಎರಡನೇ, ನಾಲ್ಕನೇ ಶನಿವಾರ ರಜೆ. ಹೋಬಳಿಯ ಸಂತೆ ದಿನ ಜನ ಜಾಸ್ತಿ. ಏಪ್ರಿಲ್‌ನಿಂದ ಜುಲೈವರೆಗೆ ಶಾಲೆ-ಕಾಲೇಜಿನವರ ದಂಡೇ ಇರುತ್ತದೆ. ಪಿಂಚಣಿಯಂಥ ಕೆಲಸವಿದ್ದವರು ಆ ತಿಂಗಳುಗಳನ್ನು ಬಿಟ್ಟರೆ ನೆಮ್ಮದಿ. ಗ್ರಾಮ ಒನ್ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಅನ್ನುವುದು ನಿಯಮ, ಕೂಲಿ ಮಾಡುವವರಿಗೆ ಸಂಜೆ ಹೊತ್ತು ಅಲ್ಲೇ ಅನುಕೂಲ.

ಆದಾಯಕ್ಕೆ ಆಧಾರ್, ರೇಷನ್ ಕಾರ್ಡು, ಜಮೀನಿದ್ದರೆ ಪಹಣಿ, ನೌಕರಿಯಿದ್ದರೆ ಸಂಬಳದ ಚೀಟಿ. ಜಾತಿಗೆ ಇವುಗಳ ಜೊತೆ ಅರ್ಜಿದಾರರ ಅಥವಾ ತಂದೆಯ ಶಾಲಾ ದಾಖಲೆ. ಮೂಲ ಮತ್ತು ಜೆರಾಕ್ಸ್ ಎರಡೂ ಇರಲಿ, ಜೆರಾಕ್ಸ್ ಎರಡು ಪ್ರತಿ ಇದ್ದರೆ ಒಂದನ್ನು ವಿಎಗೆ ಕೊಡಬಹುದು.

ಮನೆಯ ಮಾಹಿತಿ ಈ ಹಿಂದೆಯೇ ಪರಿಶೀಲನೆಯಾಗಿ ಕಂಪ್ಯೂಟರಿನಲ್ಲಿದ್ದರೆ ಪತ್ರ ಅಲ್ಲೇ ಕೈಗೆ ಸಿಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲು ‘ನಮ್ಮದು ಡೇಟಾಬೇಸ್‌ನಾಗೆ ಐತಾ ನೋಡಿ’ ಅಂತ ಒಂದು ಮಾತು ಕೇಳಿ. ಇಲ್ಲದಿದ್ದರೆ ಹೊಸ ಅರ್ಜಿ. ಮೊಬೈಲ್ ನಂಬರು ನಿಮ್ಮದನ್ನೇ ಕೊಡಿ. ಗಡಿಬಿಡಿಯಲ್ಲಿ ಕೇಂದ್ರದವರು ತಮ್ಮ ನಂಬರೇ ಹಾಕಿಬಿಡುವುದುಂಟು. ಆಗ ಪತ್ರ ಸಿದ್ಧವಾದ ಮೆಸೇಜು, ಒಟಿಪಿ ಎಲ್ಲ ಅವರಿಗೆ ಹೋಗಿ ನೀವು ಪ್ರತಿ ಸಲ ಅವರ ಬಾಗಿಲಿಗೆ ಹೋಗಬೇಕಾಗುತ್ತದೆ. ಶುಲ್ಕದ ಪಟ್ಟಿ ಗೋಡೆಯ ಮೇಲಿರುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿ, ರಸೀದಿ ಅಂದ ಕೂಡಲೇ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ.

ಸ್ವೀಕೃತಿ ಚೀಟಿಯಲ್ಲಿ ಅರ್ಜಿ ಸಂಖ್ಯೆ, ಯಾವ ದಿನದೊಳಗೆ ಕೊಡಬೇಕು ಎಂಬ ಗಡುವು, ಗಡುವಿನೊಳಗೆ ಕೆಲಸ ಮಾಡಿಕೊಡಬೇಕೆನ್ನುವ ಸಕಾಲ ಕಾಯಿದೆಯ 15 ಅಂಕಿಯ ಸಂಖ್ಯೆ ಇರುತ್ತವೆ. ಚೀಟಿ ಇಲ್ಲದ ಅರ್ಜಿ ಸರ್ಕಾರದ ಲೆಕ್ಕದಲ್ಲಿ ಅರ್ಜಿಯೇ ಅಲ್ಲ. ‘ಇಟ್ಟು ಹೋಗಿ, ನಾಳೆ ಹಾಕ್ತೀವಿ’ ಅಂದರೆ ನಾಳೆಯೇ ಬನ್ನಿ.

ಅಲ್ಲಿಂದ ಅರ್ಜಿ ವಿಎ ಲಾಗಿನ್‌ಗೆ, ಆಮೇಲೆ ರಾಜಸ್ವ ನಿರೀಕ್ಷಕರಿಗೆ, ಕೊನೆಗೆ ತಹಶೀಲ್ದಾರ್ ಅಥವಾ ಉಪ ತಹಶೀಲ್ದಾರ್ ಡಿಜಿಟಲ್ ಸಹಿಗೆ ಹೋಗುತ್ತದೆ. ನಿಲ್ಲುವುದು ಹೆಚ್ಚಾಗಿ ಮೊದಲ ಮೆಟ್ಟಿಲಲ್ಲಿ: ವಿಎ ಊರಿಗೆ ಬಂದ ದಿನ ಮನೆಗೆ ಬೀಗ. ಮೂರ್ನಾಲ್ಕು ದಿನ ಬಿಟ್ಟು ಅರ್ಜಿ ಸಂಖ್ಯೆ ಹಿಡಿದು ಅವರನ್ನು ಕಂಡು ಬನ್ನಿ, ಜೆರಾಕ್ಸ್ ಕೊಡಿ, ಅಕ್ಕಪಕ್ಕದವರ ಹೇಳಿಕೆ ಬೇಕಾದರೆ ಅಲ್ಲೇ ಮುಗಿಯುತ್ತದೆ.

ಬಂದ ಪತ್ರದಲ್ಲಿ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಆ ಎರಡಕ್ಷರ ಸೇರಿ 15. ಸ್ಕಾಲರ್‌ಶಿಪ್‌ಗೂ ಸಿಇಟಿಗೂ ಕೇಳುವುದು ಅದನ್ನೇ. ಸೊನ್ನೆ ಬಿಟ್ಟು ಬರೆದರೆ ‘ದಾಖಲೆ ಇಲ್ಲ’ ಅನ್ನುತ್ತದೆ.

ಆದಾಯದ ಮೊತ್ತ, ಜಾತಿಯ ಹೆಸರು

ಆದಾಯ ಪತ್ರ 5 ವರ್ಷ ನಡೆಯುತ್ತದೆ, ಅದರಲ್ಲಿ ಬಿದ್ದ ಮೊತ್ತವೂ ಅಷ್ಟು ದಿನ ನಿಮ್ಮ ಜೊತೆಗಿರುತ್ತದೆ. ಬಿಪಿಎಲ್ ಕಾರ್ಡಿಗೆ ಮಿತಿ ವರ್ಷಕ್ಕೆ 1.20 ಲಕ್ಷ. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿಗೆ ಗಂಡ-ಹೆಂಡತಿಯ ಆದಾಯ 32,000 ಮೀರಬಾರದು, ಇಲ್ಲಿ ದುಡಿಯುವ ಮಗನ ಆದಾಯ ಸೇರಿಸುವುದಿಲ್ಲ. ತಾಯಿ ಮಗನ ಕಾರ್ಡಿನಲ್ಲೇ ಇದ್ದಾರೆಂದು ಇಡೀ ಮನೆಯ ಆದಾಯವನ್ನು ಅವರ ಹೆಸರಿಗೆ ಬರೆಸಿಕೊಂಡು ತಿಂಗಳಿಗೆ 1,200 ರೂಪಾಯಿಯ ಹಕ್ಕು ಕಳೆದುಕೊಂಡವರು ಕಡಿಮೆಯಿಲ್ಲ. ಯಾವುದಕ್ಕೆ ಪತ್ರ ಬೇಕು ಅನ್ನುವುದನ್ನು ವಿಎಗೆ ಮೊದಲೇ ಹೇಳಿ. ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರದ ಜೊತೆಗೆ ರೇಷನ್ ಕಾರ್ಡಿನಿಂದ ಅವರ ಹೆಸರೂ ಹೋಗಿರಬೇಕು, ಇದನ್ನು ಮರೆಯುವವರೇ ಹೆಚ್ಚು.

ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರ ಜಾತಿ ಪತ್ರ ಜೀವಮಾನಕ್ಕೆ ಒಂದೇ. ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿ ಆದರೆ ಜಾತಿ-ಆದಾಯ ಒಟ್ಟಿಗೆ, 5 ವರ್ಷಕ್ಕೆ. ತೊಡಕು ಬರುವುದು ಶಾಲೆಯಲ್ಲಿ ಬರೆದ ಜಾತಿಯ ಹೆಸರಿನಿಂದ. ಹಳೆಯ ಟಿಸಿಗಳಲ್ಲಿ ‘ಹರಿಜನ’ ಅಂತ ಇರುತ್ತದೆ, ಆ ಹೆಸರು ಪರಿಶಿಷ್ಟರ ಪಟ್ಟಿಯಲ್ಲೇ ಇಲ್ಲ. ‘ಎ.ಕೆ.’ ಅಂತ ಚುಟುಕಾಗಿ ಬರೆದಿದ್ದರೆ ಆದಿ ಕರ್ನಾಟಕ ಅಂತ ಬಿಡಿಸಿ ತೋರಿಸುವ ದಾಖಲೆ ಕೇಳುತ್ತಾರೆ. ಮಗನ ಟಿಸಿಯಲ್ಲಿ ಒಕ್ಕಲಿಗ, ತಂದೆಯದರಲ್ಲಿ ಕುಂಚಿಟಿಗ ಅಂತ ಇರುವ ಮನೆಗಳು ಈ ಜಿಲ್ಲೆಯಲ್ಲಿ ಹೇರಳ. ಇಂಥ ಕಡೆ ತಂದೆಯ, ದೊಡ್ಡಪ್ಪ-ಚಿಕ್ಕಪ್ಪನ, ಅತ್ತೆಯ ಶಾಲಾ ದಾಖಲೆ ಅಥವಾ ಈಗಾಗಲೇ ಪಡೆದ ಜಾತಿ ಪತ್ರ ಹುಡುಕಿ. ರಕ್ತಸಂಬಂಧ ತೋರಿಸಲು ವಂಶವೃಕ್ಷ ಜೊತೆಗಿಡಿ.

ಮಂಜೂರಾಗಿದೆ, ಹಣ ಮಾತ್ರ ಬಂದಿಲ್ಲ

‘ಪಾಸ್‌ಬುಕ್ಕಿಗೆ ಆಧಾರ್ ಲಿಂಕ್ ಆಗೈತೆ’ ಅನ್ನುವುದು ಒಂದು, ದೇಶದ ಬ್ಯಾಂಕುಗಳ ನಡುವೆ ಹಣ ದಾಟಿಸುವ ಪಾವತಿ ನಿಗಮದ, ಅಂದರೆ ಎನ್‌ಪಿಸಿಐ ಮ್ಯಾಪಿಂಗ್ ಇನ್ನೊಂದು. ಮೊದಲನೆಯದು ಬ್ಯಾಂಕಿನ ಒಳಗಿನ ದಾಖಲೆ. ಗೃಹಲಕ್ಷ್ಮಿಯ 2,000 ಬರುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ಸಂಖ್ಯೆಯ ಎದುರಿಗೆ ಎನ್‌ಪಿಸಿಐನಲ್ಲಿ ಯಾವ ಬ್ಯಾಂಕಿದೆ ಅನ್ನುವುದನ್ನು ನೋಡಿ. ಅಲ್ಲಿ ಒಂದೇ ಬ್ಯಾಂಕು ಇರಲು ಸಾಧ್ಯ, ಕೊನೆಯದಾಗಿ ಜೋಡಿಸಿದ್ದು. ಸಂಘದ ಸಾಲಕ್ಕೆಂದೋ ಅಂಚೆ ಕಚೇರಿಯಲ್ಲೋ ಹೊಸ ಖಾತೆ ತೆರೆದು ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದರೆ ಹಣ ಸದ್ದಿಲ್ಲದೆ ಅತ್ತ ಹೋಗಿರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಕಾಣಿಸುತ್ತದೆ. ಮೊದಲು ಆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಬದಲಿಸುವ ಮಾತು ಆಮೇಲೆ. ಬದಲಿಸಬೇಕಾದರೆ ಬೇಕಾದ ಬ್ಯಾಂಕಿನಲ್ಲಿ ಡಿಬಿಟಿಗೆ, ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕೆ, ಆಧಾರ್ ಜೋಡಿಸುವ ಒಪ್ಪಿಗೆ ಪತ್ರ ಕೊಡಿ.

ಯಜಮಾನಿ ಅತ್ತೆ ತೀರಿಕೊಂಡಿದ್ದರೆ ಸೊಸೆ ಗೃಹಲಕ್ಷ್ಮಿಗೆ ನೇರವಾಗಿ ಅರ್ಜಿ ಹಾಕಲು ಆಗುವುದಿಲ್ಲ. ಮೊದಲು ರೇಷನ್ ಕಾರ್ಡಿನಲ್ಲಿ ಯಜಮಾನಿ ಬದಲಾಗಬೇಕು. ಮನೆಯಲ್ಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಿದ್ದರೆ ಈ ಯೋಜನೆ ಅನ್ವಯಿಸುವುದಿಲ್ಲ.

ತಿರಸ್ಕಾರವಾದರೆ, ತಡವಾದರೆ

ತಿರಸ್ಕರಿಸಿದ್ದಕ್ಕೆ ಕಾರಣ ಬರಹದಲ್ಲಿ ಕೇಳಿ. ‘ಸರ್ವರ್ ಇಲ್ಲ’, ‘ಮೇಲಿಂದ ಆಗಿಲ್ಲ’ ಇವು ಕಾರಣಗಳಲ್ಲ. ದಾಖಲೆ ಕೊರತೆಯಾದರೆ ಅದನ್ನು ಸೇರಿಸಿ ಹೊಸ ಅರ್ಜಿ ಹಾಕುವುದೇ ಬೇಗ ಆಗುವ ದಾರಿ. ಗಡುವು ಮೀರಿದ್ದರೆ ಸಕಾಲದ ಸಹಾಯವಾಣಿ 080-44554455. ಕಾಯಿದೆಯ ಪ್ರಕಾರ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರ. ಮೊತ್ತ ಚಿಕ್ಕದು, ಆದರೆ ಮೇಲ್ಮನವಿ ಬಿದ್ದ ಕಡತ ಮೇಜಿನ ಮೇಲೆ ಬಹಳ ದಿನ ಮಲಗುವುದಿಲ್ಲ.

ಜಾತಿ ಪತ್ರ ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ತುಮಕೂರು, ಗುಬ್ಬಿ, ಕುಣಿಗಲ್‌ನವರಿಗೆ ತುಮಕೂರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ತಿಪಟೂರು. ಸಿರಾ, ಪಾವಗಡ, ಕೊರಟಗೆರೆ, ಮಧುಗಿರಿಯವರಿಗೆ ಮಧುಗಿರಿ. ತಿರಸ್ಕರಿಸಿದ್ದಕ್ಕೆ ಕೊಟ್ಟ ಹಿಂಬರಹದ ಪ್ರತಿ, ಸ್ವೀಕೃತಿ ಚೀಟಿ, ವಂಶವೃಕ್ಷ, ಬಂಧುಗಳ ದಾಖಲೆ ಒಟ್ಟಿಗೆ ಪಿನ್ ಮಾಡಿ ಎರಡು ಸೆಟ್ ಒಯ್ಯಿರಿ. ಒಂದರ ಮೇಲೆ ಕಚೇರಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ.